ಕಂಪನಿಯ ಮೇಡಂಗೆ ಬೆಲ್ಲ-ನೀರು

ನಾನು ಸಂದರ್ಶನ ಕೊಟ್ಟ ದಿನ ಶೃಂಗೇರಿ ಹೊಳೆಯ ಮೀನುಗಳೆಲ್ಲ ಭಕ್ತರು ಹಾಕಿದ ಮಂಡಕ್ಕಿ ತಿನ್ನುವುದನ್ನು ಬಿಟ್ಟು ಜಯಪುರದ ಕಡೆ ತಲೆ ಮಾಡಿ ನಿಂತಿದ್ದವು. ನೋಡಿದವರಿದ್ದಾರೆ. ಸಾಫ್ಟ್‌ವೇರ್ ಕಂಪನಿಯೊಂದರ ಇಂಟರ್ನ್‌ಶಿಪ್ಪಿಗಾಗಿ ಇಡೀ ರಾಜ್ಯದಿಂದ ಬಂದವರನ್ನು ಗುಡಿಸಿ ಮೂಲೆಗೆ ಹಾಕಿ, ಕೆರೆಕಟ್ಟೆಯ ಚೇತನಾ ಎಂಬ ನಾನು ಗೆದ್ದುಬಂದೆ.

ಹೀಗೆಂದು ಭಾಗ್ಯಳಿಗೆ ಹೇಳುತ್ತಿದ್ದೆ. ಭಾಗ್ಯ ನನ್ನ ಕಾಲೇಜಿನವಳು, ನರಸಿಂಹರಾಜಪುರದ ಹುಡುಗಿ. ಮರುದಿನ ಬೆಳಿಗ್ಗೆ ಅದೇ ಕಂಪನಿಗೆ, ನನ್ನನ್ನು ಸಂದರ್ಶಿಸಿದ ಅದೇ ಶಾಂಭವಿ ಮೇಡಂ ಎದುರು ಅವಳ ಸಂದರ್ಶನ. ಎಲ್ಲ ವಿಡಿಯೋ ಕರೆಯಲ್ಲೇ. ಅವಳ ಮನೆಯ ಪಕ್ಕ ಮರದ ಮಿಲ್ಲು, ದಿನವಿಡೀ ಗರಗಸದ ಸದ್ದು. ನಮ್ಮೂರಿನಲ್ಲಿ ಸಿಗ್ನಲ್ಲೇ ಇಲ್ಲ. ಹಾಗಾಗಿ ಇಬ್ಬರಿಗೂ ಗತಿ ಜಯಪುರದ ಸೀತಕ್ಕನ ಮನೆ. ಸೀತಕ್ಕ ನನ್ನ ಅಮ್ಮನ ಜೊತೆ ಕಾಫಿ ತೋಟದ ಕೆಲಸಕ್ಕೆ ಹೋಗುವವರು. ಪಕ್ಕದ ಮೊಬೈಲ್ ಅಂಗಡಿಯ ವೈಫೈ ಗೋಡೆ ದಾಟಿ, ನಾವಿಬ್ಬರೂ ಆಗ ಕೂತಿದ್ದ ಅವರ ನಡುಮನೆಗೆ ಬರುತ್ತದೆ. ಅಂಗಡಿಯ ಪ್ರಕಾಶಣ್ಣನೇ ಪಾಸ್‌ವರ್ಡ್ ಕೊಟ್ಟಿದ್ದಾನೆ.

"ಪ್ರೋಗ್ರಾಮ್ ಬರಿ ಅಂದಾಗ ಎಂತ ಮಾಡಿದೆ?" ಭಾಗ್ಯ ಕೇಳಿದಳು.

"ಎಂತ ಮಾಡೂದು? ಮೇಡಂ ಪ್ರಶ್ನೆ ಓದಿ ಮುಗಿಸೂದ್ರೊಳಗೆ ನನ್ನ ಪ್ರೋಗ್ರಾಮ್ ಓಡಿ ಮುಗಿಸಿ ಬೆವರು ಒರೆಸ್ಕೊಳ್ತಾ ಕೂತಿತ್ತು."

"ಎರರ್ ಬರ್ಲಿಲ್ವ?"

"ಬಂದಿತ್ತು. ನನ್ನ ಮುಖ ನೋಡಿ ವಾಪಸ್ ಹೋಯ್ತು."

ಕೀಬೋರ್ಡ್ ಎಷ್ಟು ಕಾದಿತ್ತೆಂದರೆ ಅದರ ಮೇಲೆ ಹಪ್ಪಳ ಸುಡಬಹುದಿತ್ತು ಎಂದೆ. ಕೊನೆಗೆ ಮೇಡಂ ಕೈಮುಗಿದು, ಇನ್ನು ನೀವೇ ನನ್ನನ್ನು ಪ್ರಶ್ನೆ ಕೇಳಿ ಎಂದರು ಎಂದೂ ಸೇರಿಸಿದೆ.

ಭಾಗ್ಯ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿ ಫೋನ್ ಕೈಗೆತ್ತಿಕೊಂಡಳು.

"ನಾಳೆ ಬರೂದಿಲ್ಲ ಅಂತ ಮೇಲ್ ಹಾಕ್ತೇನೆ ಮಾರಾಯ್ತಿ. ನಂಗೆ ಒಂದು ಸಣ್ಣ ಲೂಪ್ ಬರೀವಾಗ್ಲೂ ನಾಲ್ಕು ಸಲ ತಪ್ತದೆ. ಅದು ನಿನ್ನಂಥವ್ರು ಹೋಗೋ ಜಾಗ."

ತಮಾಷೆಗೆ ಹೇಳಿದ್ದಲ್ಲ. ಅವಳ ಬೆರಳು ಆಗಲೇ ಟೈಪ್ ಮಾಡುತ್ತಿತ್ತು. ಅಷ್ಟರಲ್ಲಿ ಹಲಸಿನ ಮೇಣ ಮೆತ್ತಿದ ಕೈಯಲ್ಲೇ ಸೀತಕ್ಕ ಅಡುಗೆಮನೆಯಿಂದ ಹೊರಗೆ ಬಂದರು.

"ಎಂಥದು ಚೇತು, ಆಗಿಂದ ಕೇಳ್ತಾ ಇದ್ದೇನೆ. ಅವತ್ತು ಬಚ್ಚಲಲ್ಲಿ ಕೂತು ಅತ್ತದ್ದು ಯಾರು ಹಂಗಾದ್ರೆ, ನಾನಾ?"

"ಅದು ಕಣ್ಣಿಗೆ ಹೊಗೆ ಹೋಗಿತ್ತು ಸೀತಕ್ಕ."

"ಹಂಡೆಗೆ ಬೆಂಕಿನೇ ಹಾಕಿರ್ಲಿಲ್ಲ ಕಣೆ."

ಭಾಗ್ಯಳ ಬೆರಳು ನಿಂತಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ಒಳ್ಳೆಯ ಸುಳ್ಳೇ. ಅದನ್ನು ನುಂಗಿ, ಇದ್ದದ್ದನ್ನು ಹೇಳಿದೆ.

ಅವತ್ತು ನನ್ನ ಪ್ರೋಗ್ರಾಮ್ ಒಂದೇ ಕಡೆ ಗಿರಗಿರ ಸುತ್ತತೊಡಗಿತು, ನಿಲ್ಲಲೇ ಇಲ್ಲ. ಎಲ್ಲಿ ತಪ್ಪಿದೆ ಎಂದು ಹೊಳೆಯಲಿಲ್ಲ. "ಸಾರಿ ಮೇಡಂ" ಎಂದವಳೇ ಕರೆಯನ್ನೂ ಕತ್ತರಿಸದೆ ಎದ್ದು ಓಡಿ ಬಚ್ಚಲ ಬಾಗಿಲು ಹಾಕಿಕೊಂಡೆ. ಪರದೆಯ ಮೇಲೆ ಮೇಡಂ ಒಬ್ಬರೇ ಉಳಿದರು.

ಆಗ ಸೀತಕ್ಕ ಒಳಗೆ ಬಂದದ್ದು. ಸೀತಕ್ಕನಿಗೆ ವಿಡಿಯೋ ಕರೆ ಗೊತ್ತಿಲ್ಲದ್ದಲ್ಲ, ಮಗಳ ಜೊತೆ ದಿನವೂ ಮಾತಾಡುತ್ತಾರೆ. ಆದರೆ ನಡುಮನೆಯಲ್ಲಿ ಯಾರೋ ಇದ್ದಾರೆ, ಮಾತಾಡಿಸುವವರು ಇಲ್ಲ ಎಂದರೆ ಅವರ ಕೈ ತಾನಾಗಿ ಬೆಲ್ಲದ ಡಬ್ಬಿಗೆ ಹೋಗುತ್ತದೆ. ತಟ್ಟೆಯಲ್ಲಿ ಬೆಲ್ಲ, ಒಂದು ಲೋಟ ನೀರು ತಂದು ಲ್ಯಾಪ್‌ಟಾಪಿನ ಎದುರು ಇಟ್ಟರು. ಯಾವೂರಾಯ್ತು, ಮನೆಯಲ್ಲಿ ಎಲ್ಲ ಹುಷಾರಾ ಎಂದು ಕೇಳಿದರು. ಕರೆ ಮುಗಿಸಲಿಕ್ಕೆ ಹೊರಟಿದ್ದ ಮೇಡಂ ಬಾಯಿ ತೆರೆಯುವ ಮೊದಲೇ, "ಹುಡುಗಿ ಈಗ ಬರ್ತಾಳೆ. ಬಂದವ್ರು ಬಾಯಾರಿಕೆಗೆ ಎಂತದೂ ಕುಡೀದೆ ಹೋದ್ರೆ ನಂಗೆ ಬೇಜಾರಾಗ್ತದೆ" ಎಂದರು.

"ಅವ್ರು ಎಂತ ಮಾಡಿದ್ರು?" ಭಾಗ್ಯ ಸೀತಕ್ಕನನ್ನು ಕೇಳಿದಳು.

"ಅವರ ಹತ್ರ ಬಾಟ್ಲಿ ಇತ್ತು ಕೂಸೆ, ಅದ್ರಲ್ಲೇ ಎರಡು ಗುಟುಕು ಕುಡಿದ್ರು. ಒಳ್ಳೇ ಜನ. ಆಮೇಲೆ ನಾನು ಬಚ್ಚಲ ಬಾಗಿಲು ಬಡಿದು, ನೆಂಟ್ರು ಕಾಯ್ತಿದಾರೆ, ಮುಖ ತೊಳ್ಕಂಡು ಬಾ ಅಂದೆ."

ಒದ್ದೆ ಮುಖದಲ್ಲೇ ಬಂದು ಕೂತೆ. ಮೇಡಂ ಬೈಯಲಿಲ್ಲ. ಅವಸರವಿಲ್ಲ, ಪ್ರೋಗ್ರಾಮ್ ಇರಲಿ, ನೀನು ಏನು ಯೋಚಿಸಿದೆ ಅಂತ ಒಂದೊಂದೇ ಸಾಲು ಹೇಳು ಎಂದರು. ಹೇಳುತ್ತಾ ಹೋದಂತೆ ಒಂದು ತಪ್ಪು ನನಗೇ ಸಿಕ್ಕಿತು. ಇನ್ನೊಂದು ಕೊನೆಯವರೆಗೂ ಸಿಗಲಿಲ್ಲ.

"ಹಂಗಾದ್ರೆ ಪ್ರೋಗ್ರಾಮ್ ಓಡ್ಲೇ ಇಲ್ವ?"

"ಪೂರ್ತಿ ಓಡ್ಲಿಲ್ಲ. ಆದ್ರೂ ತಗೊಂಡ್ರು."

ಭಾಗ್ಯ ಬರೆದಷ್ಟು ಮೇಲ್ ಅಳಿಸಿ ಫೋನ್ ಪಕ್ಕಕ್ಕಿಟ್ಟಳು. "ಇದನ್ನ ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ?"

ಸೀತಕ್ಕ ಮೇಣದ ಕೈಗೆ ಎಣ್ಣೆ ಹಚ್ಚುತ್ತಾ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಅವತ್ತಿನ ಉಪಕಾರಕ್ಕೆ ಅವರಿಗೆ ನಾನು ಇನ್ನೂ ಒಂದು ಒಳ್ಳೆಯ ಮಾತೂ ಹೇಳಿರಲಿಲ್ಲ.

"ಹೇಳಿದ್ರೆ ಅದ್ರಲ್ಲಿ ನಾನು ದೊಡ್ಡವಳಾಗೋ ಜಾಗನೇ ಇಲ್ಲ ಭಾಗ್ಯ," ಎಂದೆ. "ಮೇಡಂ ದೊಡ್ಡವ್ರು, ಸೀತಕ್ಕ ದೊಡ್ಡವ್ರು. ನಾನು ಬಚ್ಚಲಲ್ಲಿದ್ದೆ."