ಹಗ್ಗದ ನೆಲ

ಜ್ಞಾನ್ಯಾ ಸಾವಕಾರನ ಕಾಲು ಹಿಡಿದೇ ಆ ಕೆಲಸ ಗಿಟ್ಟಿಸಿರಬೇಕು. ಹಿಡಿಯದೆ ಹಗ್ಗ ಹೊಸೆಯುವ ಮಾಂಗರ ಕೇರಿಯವನಿಗೆ ಯಾರು ಸೈಕಲ್ಲು ಕೊಟ್ಟು ಸಾಹೇಬರ ಹಿಂದೆ ತಿರುಗಾಡಿಸುತ್ತಾರೆ? ಇಲ್ಲ, ಹಿಡಿದಿರಲಿಕ್ಕಿಲ್ಲ. ಅವನ ಸ್ವಭಾವ ತನಗೆ ಗೊತ್ತಿಲ್ಲವೇ? ಹಾಗಾದರೆ ಅವನು ತನಗಿಂತ ಜಾಣ ಎಂದಾಯಿತು. ಈ ಎರಡನೆಯ ಯೋಚನೆ ಬಂದಾಗಲೆಲ್ಲ ಲಗಮಣ್ಣನಿಗೆ ಮೊದಲನೆಯದೇ ಹಿತವೆನಿಸುತ್ತಿತ್ತು.

“ಹುರಿ ಸಡ್ಲ ಆಗೇತಿ ನೋಡೋ ಬಾಡ್ಯಾ. ಮನಸ ಎಲ್ಲಿ ಮೇಯಾಕ ಬಿಟ್ಟಿ?” ಅವ್ವ ಕೆಂಚವ್ವ ಆ ತುದಿಯಿಂದ ಕೂಗಿದಳು.

ಅವಳು ರಾಟಿ ತಿರುವುತ್ತಿದ್ದಳು. ಲಗಮಣ್ಣ ಕತ್ತಾಳೆ ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ಎಳೆ ಎಳೆಯಾಗಿ ಬಿಡುತ್ತ ಹಿಂದೆ ಹಿಂದೆ ನಡೆಯುತ್ತಿದ್ದ. ಹಗ್ಗ ಎಷ್ಟು ಉದ್ದವೋ ನೆಲವೂ ಅಷ್ಟು ಉದ್ದ ಬೇಕು. ನಡುವೆ ಗಿಡ ಇರಬಾರದು, ಕಲ್ಲು ಇರಬಾರದು. ಐನಾಪುರದ ದಾರಿಗೆ ಹತ್ತಿದ ಈ ಗಾಯರಾಣ, ಊರಿನ ಗೋಮಾಳ, ಬಿಟ್ಟರೆ ಊರಲ್ಲಿ ಅಂಥ ಜಾಗ ಇರಲಿಲ್ಲ. ಉಳಿದದ್ದೆಲ್ಲ ಕಬ್ಬು. ಕೇರಿಯವರು ತಲೆತಲಾಂತರದಿಂದ ಇಲ್ಲೇ ಹೊಸೆದು, ರೈತರ ಎತ್ತಿಗೆ ಕಣ್ಣಿ, ಮಿಣಿ, ಮೂಗುದಾರ ಕೊಟ್ಟು, ಸುಗ್ಗಿಯಲ್ಲಿ ಕಾಳು ತಂದು ಉಂಡಿದ್ದರು. ನಿಪ್ಪಾಣಿಯಲ್ಲಿ ಬಿ.ಎ. ಮುಗಿಸಿ ಬಂದ ಲಗಮಣ್ಣನೂ ಅದೇ ನೆಲದ ಮೇಲೆ ಹಿಂದೆ ಹಿಂದೆ ನಡೆಯುತ್ತಿದ್ದ.

ಚಿಕ್ಕಪ್ಪನ ಮಗ ಜ್ಞಾನದೇವ, ಊರವರ ಬಾಯಲ್ಲಿ ಜ್ಞಾನ್ಯಾ, ಅದೇ ಕಾಲೇಜಿನಲ್ಲಿ ಅದೇ ಬೆಂಚಿನ ಮೇಲೆ ಕೂತು ಓದಿದವನು. ಲಗಮಣ್ಣ ಬರೆದುಕೊಟ್ಟ ಟಿಪ್ಪಣಿಗಳಿಂದ ಪಾಸಾದವನು. ಆ ವರ್ಷ, ಎಂಬತ್ತೇಳರಲ್ಲಿ, ಹೊರದೇಶದ ಒಂದು ಬ್ಯಾಂಕು ಪಾಳು ನೆಲದಲ್ಲಿ ಗಿಡ ಬೆಳೆಸಲು ಸಾಲ ಕೊಟ್ಟಿತ್ತು. ಆ ಯೋಜನೆಗೆ ಹಳ್ಳಿ ತಿರುಗಿ ಜನರಿಗೆ ತಿಳಿಹೇಳುವ ಒಬ್ಬ ಪದವೀಧರ ಬೇಕಾಗಿದ್ದ. ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ಸಂದರ್ಶನಕ್ಕೆ ಹೋಗಿದ್ದರು. ಒಬ್ಬ ಸೈಕಲ್ಲಿನ ಮೇಲೆ ಬಂದ.

ಆ ಸೈಕಲ್ಲು ಈಗ ಗಾಯರಾಣದ ಅಂಚಿಗೆ ನಿಂತಿತು.

“ಬಾರೋ ನನ್ನ ಸಾಹೇಬಾ,” ಕೆಂಚವ್ವ ರಾಟಿ ಬಿಟ್ಟು ಎದ್ದಳು. “ನಿಮ್ಮವ್ವಗ ಇಳಕಲ್ಲ ಸೀರಿ ತಂದೀಯಂತ. ನೋಡಿ ಬಂದ್ನಿ. ನಮ್ಮ ಮನ್ಯಾಗೂ ಒಂದೈತಿ ನೋಡ, ಬಿ.ಎ. ಪಾಸಾಗಿ ನಾರ ಹಿಕ್ಕಾಕತ್ತೈತಿ.”

“ಅದಿರ್ಲಿ ದೊಡ್ಡವ್ವಾ. ಅಣ್ಣಾ, ನೀನೂ ಬಾ ಇಲ್ಲಿ.” ಜ್ಞಾನದೇವ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತ. “ಈ ಗಾಯರಾಣಕ್ಕ ನೀಲಗಿರಿ ಹಚ್ಚಾಂವ್ರ ಅದಾರ. ಪಡಾ ಬಿದ್ದ ನೆಲಾ, ಯಾರೂ ದುಡ್ಯಾಂಗಿಲ್ಲಂತ ಧರೆಪ್ಪ ಸಾವಕಾರ ಬರದ ಕೊಟ್ಟಾನ. ಅಂವನ ಕಮೀಟಿ ಅಧ್ಯಕ್ಷ. ಗಿಡಾ ಬೆಳದ ಮ್ಯಾಲ ಕಡಿಯೂ ಗುತ್ತಿಗೀನೂ ಅಂವಂದ.”

“ಮತ್ತ ನಾವೆಲ್ಲಿ ಹೊಸೀಬೇಕ? ಅವನ ತಲಿ ಮ್ಯಾಲ?”

“ಕೇಳಿಲ್ಲೆ. ಬ್ಯಾಂಕಿಂದ ಒಂದ ಕಾಯ್ದೆ ಐತಿ. ಆ ನೆಲದಾಗ ಯಾರರೆ ದುಡದ ತಿಂತಿದ್ರ, ಅವರಿಗಿ ಅಷ್ಟ ನೆಲಾ ಬ್ಯಾರೆ ಕಡೆ ಕೊಡೂತನಾ ಒಂದ ಸಸಿ ಹಚ್ಚಾಂಗಿಲ್ಲ. ಅದನ್ನ ನೋಡಾಕ ಬ್ಯಾಂಕಿನ ವಕೀಲ ಬರಾಕತ್ತಾರ. ಅವರ ಮುಂದ ಬಾಯಿ ಬಿಟ್ಟ ಹೇಳಬೇಕ.”

“ನೀನ ಹೇಳಿ ಬಿಡ. ನಿನಗ ಇಂಗ್ಲೀಷ ಬರತೈತಿ.”

“ನಂದ ನಡ್ಯಾಂಗಿಲ್ಲ ದೊಡ್ಡವ್ವಾ. ನಾ ಯೋಜನೆದ ಪಗಾರ ತಿನ್ನಾಂವ. ಪಗಾರ ತಿನ್ನಾಂವನ ಸಾಕ್ಷಿ ಒಂದ ಇದ್ರ ಅವರ ಹಿಡ್ಯಾಂಗಿಲ್ಲ. ಅದೂ ಕಾಯ್ದೇನ. ಹಗ್ಗಾ ಹೊಸ್ಯಾಂವನ ಹೇಳಬೇಕ. ಅಣ್ಣಾ, ನೀ ಹೇಳಿದ್ರ ಕೇರಿ ಎಲ್ಲಾ ಹೇಳತೈತಿ.”

ಅದು ನಿಜ. ಕೇರಿಯಲ್ಲಿ ಹೊರಗಿನವರ ಎದುರು ಹಿರೇಮನೆಯವನು ಬಾಯಿ ತೆರೆಯುವ ತನಕ ಉಳಿದವರು ತೆರೆಯುವುದಿಲ್ಲ. ಅಪ್ಪ ಸತ್ತ ಮೇಲೆ ಆ ಮೊದಲ ಮಾತು ಲಗಮಣ್ಣನದಾಗಿತ್ತು. ಹೆಣ್ಣು ಕೇಳಲು ಬಂದವರ ಎದುರು, ಹೆಣ ಎತ್ತಲು ಬಂದವರ ಎದುರು, ಅಜ್ಜಂದಿರೂ ಅವನ ಮುಖ ನೋಡುತ್ತಿದ್ದರು. ಅವನ ಬಳಿ ಇದ್ದದ್ದು ಅದೊಂದೇ.

ಆದರೆ ಜ್ಞಾನದೇವ ಹೇಳಿದ್ದರಲ್ಲಿ ಅವನ ಕಿವಿಯಲ್ಲಿ ನಿಂತದ್ದು ‘ಪಗಾರ’ ಎಂಬ ಮಾತು ಮಾತ್ರ.

“ನೋಡೂನು,” ಎಂದು ಅವನು ನಾರು ಕೈಗೆತ್ತಿಕೊಂಡ.

ಧರೆಪ್ಪ ಸಾವಕಾರನ ದನದ ಕೊಟ್ಟಿಗೆಯ ಹೊರಗೆ ಲಗಮಣ್ಣ ಹೊಸ ಕಣ್ಣಿಗಳ ಕಟ್ಟು ಹೊತ್ತು ನಿಂತಿದ್ದ.

“ಅಲ್ಲೇ ಒಗಿಲೇ. ಎತ್ತಿಗಿ ಮುಟ್ಟೀಗಿಟ್ಟಿ,” ಎಂದ ಸಾವಕಾರ. ಆಳು ಕಣ್ಣಿಯ ಮೇಲೆ ನೀರು ಚಿಮುಕಿಸಿ ಒಂದೊಂದಾಗಿ ಎತ್ತುಗಳ ಕೊರಳಿಗೆ ಕಟ್ಟಿದ. “ಏ ಸೋನಾಬಾಯಿ, ಪದವೀಧರ ಬಂದಾನ. ಒಂದೀಟ ಚಾ ತಾ.”

ಗೋಡೆಯ ಹೊರಗಿನ ಗೂಡಿನಲ್ಲಿ ತೆಂಗಿನ ಕರಟ ಇತ್ತು. ಲಗಮಣ್ಣ ಅದನ್ನು ತೆಗೆದು, ಜೇಡ ಝಾಡಿಸಿ, ಕೆಳಗೆ ಹಿಡಿದ. ಮನೆಯೊಳಗಿಂದ ಬಂದ ಸೋನಾಬಾಯಿ ಮೇಲಿನಿಂದ ಚಹಾ ಸುರಿದಳು. ಅರ್ಧ ಬೆರಳ ಮೇಲೆ ಬಿತ್ತು.

“ನಿಮ್ಮ ಜ್ಞಾನ್ಯಾ ಭಾರಿ ಸೂಳೇಮಗ ಬಿಡ,” ಸಾವಕಾರ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ. “ಇಂಟರ್‌ವ್ಯೂದಾಗ ನಾನೂ ಕುಂತಿದ್ನಿ. ‘ನಿಮ್ಮಣ್ಣಂದೂ ಬಿ.ಎ. ಐತೆಲ್ಲಾ, ಅಂವಾ ಹೆಂಗ?’ ಅಂತ ಸಾಹೇಬ್ರ ಕೇಳಿದ್ರ, ‘ನಾಕ ಮಂದ್ಯಾಗ ಅವನ ಬಾಯಿ ಬರಾಂಗಿಲ್ರಿ’ ಅಂದ. ಹಿರೇಮನಿ ಮಗಾ ನೀ. ಈಗ ನೋಡ, ಕಿರೇಮನ್ಯಾಂವ ಕುರ್ಚಿ ಮ್ಯಾಲ, ನೀ ಸಗಣ್ಯಾಗ.”

ಸುಳ್ಳಿರಬೇಕು ಎಂದು ಲಗಮಣ್ಣನಿಗೆ ಅನಿಸಿತು. ನಿಜವಾಗಿರಲಿ ಎಂದೂ ಅನಿಸಿತು. ನಿಜವಾಗಿದ್ದರೆ ತನ್ನೊಳಗೆ ಉರಿಯುತ್ತಿರುವುದಕ್ಕೆ ಒಂದು ಹೆಸರಾದರೂ ಸಿಗುತ್ತಿತ್ತು.

“ಬ್ಯಾಂಕಿನ್ಯಾರು ಅಮಾಸಿ ದಿನ ಬರ್ತಾರ. ನಾನ ಆ ದಿನಾ ಹೇಳೇನಿ,” ಸಾವಕಾರ ನಕ್ಕ. “ಅವತ್ತ ನಿಮ್ಮ ಹೆಣ್ಣಮಕ್ಕಳನ ಎಲ್ಲಾರ್ನೂ ನನ್ನ ಅರಿಷಿಣದ ಹೊಲಕ್ಕ ಕಳಸ.”

ಅಮಾವಾಸ್ಯೆಯ ದಿನ ಕೇರಿಯವರು ಹಗ್ಗ ಹೊಸೆಯುವುದಿಲ್ಲ. ಅಂದು ಹೊಸೆದ ಹಗ್ಗ ಯಾರದಾದರೂ ಕೊರಳು ಕೇಳುತ್ತದೆ ಎಂದು ನಂಬಿಕೆ. ಹಿಂದಿನ ಸಂಜೆಯೇ ರಾಟಿಗಳನ್ನು ಮನೆಗೆ ತಂದು ತೊಳೆದು ಕುಂಕುಮ ಹಚ್ಚಿ ಮೂಲೆಗಿಡುತ್ತಾರೆ. ಆ ಒಂದು ದಿನ ಗಾಯರಾಣ ನೋಡಿದವರಿಗೆ ಅದು ಯಾರದೂ ಅಲ್ಲದ ಬಯಲು.

ದಿನ ಗೊತ್ತಾದ ಕೂಡಲೇ ಜ್ಞಾನದೇವ ಕೇರಿಗೆ ಓಡಿ ಬಂದ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರ ಎದುರು ನಿಂತು ಕೈಮುಗಿದ.

“ಅದೊಂದ ದಿನ ರಾಟಿ ಹೂಡ್ರಿ. ಹೊಸೀಬ್ಯಾಡ್ರಿ ಬೇಕಾದ್ರ, ಸುಮ್ಮ ತಿರುವ್ರಿ. ಕಣ್ಣಿಗಿ ಕಾಣಬೇಕ ಅವರಿಗಿ.”

ಹಿರಿಯರು ತಲೆ ಕೆರೆದುಕೊಂಡರು. ಒಬ್ಬ ಮುದುಕ ಆಗಬಹುದೇನೋ ಎಂಬಂತೆ ಕೆಮ್ಮಿದ. ಎಲ್ಲರೂ ಲಗಮಣ್ಣನ ಕಡೆ ತಿರುಗಿದರು.

ಕಾಲೇಜಿನಲ್ಲಿದ್ದಾಗ ಅಮಾವಾಸ್ಯೆಯ ಈ ಹೆದರಿಕೆಯನ್ನು ಆಡಿಕೊಂಡು ನಕ್ಕವನು ಲಗಮಣ್ಣ. ಈಗ ಜ್ಞಾನದೇವನ ಇಸ್ತ್ರಿ ಮಾಡಿದ ಕಾಲರನ್ನೇ ನೋಡುತ್ತ, “ಹಿರ್ಯಾರ ಹಾಕಿದ್ದ ಮೀರೂದ ಬ್ಯಾಡ,” ಎಂದ.

ಮಾತು ಅಲ್ಲಿಗೆ ಮುಗಿಯಿತು.

ಅಮಾವಾಸ್ಯೆಯ ದಿನ ಗಾಯರಾಣದ ಅಂಚಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ಜೀಪಿನಿಂದ ಇಳಿದ ವಕೀಲರು ಒಬ್ಬ ಹೆಂಗಸು, ದಿಲ್ಲಿಯವರು. ಸಾಲದ ಷರತ್ತುಗಳು ಪಾಲನೆಯಾಗಿವೆಯೇ ಎಂದು ಊರೂರಿಗೆ ಹೋಗಿ ನೋಡುವುದು ಅವರ ಕೆಲಸವಂತೆ. ಬಿಸಿಲಿಗೆ ಮುಖ ಕೆಂಪಾಗಿತ್ತು. ಜ್ಞಾನದೇವ ಅವರ ಇಂಗ್ಲಿಷನ್ನು ಕನ್ನಡಕ್ಕೆ, ಸಾವಕಾರನ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುತ್ತ ಅವರ ಪಕ್ಕದಲ್ಲಿ ನಿಂತಿದ್ದ. ಮಾತಿನ ನಡುವೆ ಅವನ ಗಂಟಲು ಒಣಗಿತು. ಅವರು ತಮ್ಮ ನೀರಿನ ಬಾಟಲಿಯನ್ನು ಅವನ ಕಡೆ ಚಾಚಿದರು. ಅವನು ಕುಡಿದು ಮರಳಿ ಕೊಟ್ಟ. ಅವರು ಮುಚ್ಚಳ ತೆಗೆದು ಅದರಿಂದಲೇ ಕುಡಿದರು.

ಬಿಸಿಲಲ್ಲಿ ಸಾಲಾಗಿ ನಿಂತ ಕೇರಿಯ ಗಂಡಸರೆಲ್ಲ ಅದನ್ನು ನೋಡಿದರು. ಲಗಮಣ್ಣನೂ ನೋಡಿದ.

“ಪಡಾ ನೆಲಾ ಐತ್ರಿ ಬಾಯಾರ,” ಸಾವಕಾರ ಕೈಬೀಸಿ ತೋರಿಸಿದ. “ಹಾವು ಚೇಳ ಬಿಟ್ರ ಯಾರೂ ಇಲ್ಲ. ಹೇಳಲೇ ಜ್ಞಾನ್ಯಾ.”

ಜ್ಞಾನದೇವ ಹೇಳತೊಡಗಿದ. ತಡವರಿಸುತ್ತ, ತಪ್ಪು ತಪ್ಪು ಇಂಗ್ಲಿಷಿನಲ್ಲಿ ಹೇಳಿದ: ಇದು ನಮ್ಮ ಜನ ಹಗ್ಗ ಹೊಸೆಯುವ ನೆಲ. ಇದು ಹೋದರೆ ನಮ್ಮ ಕೇರಿಗೆ ಬೇರೆ ಅನ್ನವಿಲ್ಲ. ಇವತ್ತು ಅಮಾವಾಸ್ಯೆ, ಅದಕ್ಕೇ ಖಾಲಿ ಇದೆ. ಆ ದಿನವನ್ನು ಬೇಕೆಂದೇ ಆರಿಸಿದ್ದಾರೆ.

ಕೇರಿಯವರಲ್ಲಿ ಅದು ಅರ್ಥವಾದದ್ದು ಲಗಮಣ್ಣನಿಗೊಬ್ಬನಿಗೇ.

“ಎರಡ ಮಾತಿಗಿ ಇಷ್ಟುದ್ದ ಏನ ಹೇಳಿದಿಲೇ?” ಸಾವಕಾರನ ದನಿ ಬದಲಾಯಿತು.

“ಖರೇದ್ದ ಹೇಳಿದ್ನಿ,” ಎಂದ ಜ್ಞಾನದೇವ.

ವಕೀಲರು ಪೆನ್ನು ಹಿಡಿದ ಕೈಯನ್ನು ತಡೆದರು. ನೀವು ಯೋಜನೆಯ ಸಂಬಳದವರಲ್ಲವೇ ಎಂದು ಕೇಳಿದರು. ಅವನು ಹೌದೆಂದ. ಹಾಗಾದರೆ ನಿಮ್ಮ ಮಾತೊಂದೇ ಸಾಲದು ಎಂದು ಅವರು ಎದ್ದು, ಬಿಸಿಲಿಗೆ ಬಂದು, ಗಂಡಸರ ಸಾಲಿನ ಎದುರು ನಿಂತರು. ಎಲ್ಲರಿಗೂ ತಿಳಿಯಲೆಂದು ನಿಧಾನವಾಗಿ ಹಿಂದಿಯಲ್ಲಿ ಕೇಳಿದರು. ಈ ನೆಲದಲ್ಲಿ ನೀವು ದುಡಿಯುತ್ತೀರಾ? ಯಾರೂ ಹೇಳದಿದ್ದರೆ, ಯಾರೂ ಇಲ್ಲ ಎಂದೇ ನಾನು ಬರೆಯಬೇಕಾಗುತ್ತದೆ.

ಗಂಡಸರು ಲಗಮಣ್ಣನ ಮುಖ ನೋಡಿದರು. ಜ್ಞಾನದೇವನೂ ನೋಡಿದ.

“ಆಪ್ ಬೋಲಿಯೇ,” ಎಂದರು ವಕೀಲರು, ಲಗಮಣ್ಣನಿಗೇ.

ಮಾತು ಗಂಟಲಿಗೆ ಬಂದಿತ್ತು. ಸಾವಕಾರ ಮೀಸೆಯ ಮೇಲೆ ಕೈಯಿಟ್ಟು ನಿಂತದ್ದು ಕಾಣುತ್ತಿತ್ತು. ಆದರೆ ಲಗಮಣ್ಣ ನೋಡುತ್ತಿದ್ದದ್ದು ಅವನನ್ನಲ್ಲ. ತಾನು ಈಗ ಹೌದೆಂದರೆ ಸಂಜೆ ಕೇರಿಯಲ್ಲಿ ಹೆಂಗಸರು ಏನು ಆಡಿಕೊಳ್ಳುತ್ತಾರೆಂದು ಅವನಿಗೆ ಗೊತ್ತಿತ್ತು. ‘ಜ್ಞಾನ್ಯಾ ಇಂಗ್ಲೀಷಿನಾಗ ಮಾತಾಡಿ ನೆಲಾ ಉಳಿಸಿದ.’ ಅವ್ವ ಅವನ ತಲೆ ನೇವರಿಸಿ ಲಟಿಕೆ ಮುರಿಯುತ್ತಾಳೆ. ಹಿರೇಮನೆಯವನದು ಅವನ ಮಾತಿನ ಹಿಂದೆ ಒಂದು ಹೂಂ. ತನಗಿದ್ದ ಮೊದಲ ಮಾತನ್ನೂ ಅವನೇ ಆಡಿಬಿಟ್ಟಿದ್ದ.

ಕಾಲ ಬಳಿ ಮಣ್ಣಿನಲ್ಲಿ ನಾರಿನ ಎಳೆಗಳು ತುಳಿದು ತುಳಿದು ಹೂತುಹೋಗಿದ್ದವು. ಬೆರಳು ಮಾಡಿ ತೋರಿಸಿದ್ದರೂ ಸಾಕಿತ್ತು.

ವಕೀಲರು ಕಾದರು. ಇನ್ನೊಮ್ಮೆ ಕೇಳಿದರು. ಬೆವರು ಒರೆಸಿಕೊಂಡು ಮತ್ತೂ ಕಾದರು. ಸಾಲಿನಲ್ಲಿ ಯಾರೂ ಅಲುಗಲಿಲ್ಲ. ಕೊನೆಗೆ ಅವರು ಕುರ್ಚಿಗೆ ಮರಳಿ ಬರೆದರು.

ಜೀಪಿನ ಧೂಳು ಇಳಿಯುವ ಮೊದಲೇ ಸಾವಕಾರನ ಚಪ್ಪಲಿ ಕೈಗೆ ಬಂದಿತ್ತು. “ಮಾಂಗ ಸೂಳೇಮಗನ, ನಾ ಹಾಕಿದ ಅನ್ನಾ ತಿಂದ ನನ್ನ ಬಾಯಾಗ ಉಚ್ಚಿ ಹೊಯ್ತಿ?” ಮೊದಲ ಏಟು ಜ್ಞಾನದೇವನ ಕಿವಿಯ ಮೇಲೆ ಬಿತ್ತು. ಎರಡನೆಯದು ಬೀಳಲಿಲ್ಲ. ಜ್ಞಾನದೇವ ಆ ಕೈ ಹಿಡಿದು, ಚಪ್ಪಲಿ ಕಿತ್ತು, ಬಯಲಿಗೆ ಎಸೆದ.

“ನಿನ್ನ ಅನ್ನಾ ನಾ ಯಾವತ್ತೂ ತಿಂದಿಲ್ಲ ಧರೆಪ್ಪಾ. ಹೋಗ, ತಗೊಂಡ ಬಾ.”

ಊರಿನಲ್ಲಿ ಮಾಂಗರವನೊಬ್ಬ ಸಾವಕಾರನನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಸಾವಕಾರ ಒಂದೇ ಕಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದ. ಅದನ್ನೂ ಜ್ಞಾನ್ಯಾನೇ ಮಾಡಿದ ಎಂದು ಲಗಮಣ್ಣನ ಒಳಗೆ ಏನೋ ಚುರುಗುಟ್ಟಿತು.

ಜ್ಞಾನದೇವನ ಕೆಲಸ ಹೋಯಿತು, ಸೈಕಲ್ಲು ಹೋಯಿತು. ಗಾಯರಾಣಕ್ಕೆ ತಂತಿ ಬೇಲಿ ಬಂತು. ಗುಂಡಿ ತೋಡಲು ಕೇರಿಯವರನ್ನೇ ಕೂಲಿಗೆ ಕರೆದರು. ಹೋಗದೆ ಬೇರೆ ದಾರಿ ಇರಲಿಲ್ಲ. ಲಗಮಣ್ಣನೂ ಗುದ್ದಲಿ ಹಿಡಿದ. ನಾರು ಬಿಡುತ್ತ ನಡೆದು ನಡೆದು ಗಟ್ಟಿಯಾಗಿದ್ದ ನೆಲ ಬೇಗ ಒಡೆಯಲಿಲ್ಲ.

ಈಗ ಅವರು ಐನಾಪುರದ ರಸ್ತೆಯ ಅಂಚಿಗೆ ಹಗ್ಗ ಹೊಸೆಯುತ್ತಾರೆ. ಕಬ್ಬಿನ ಟ್ರ್ಯಾಕ್ಟರು ಬಂದಾಗಲೆಲ್ಲ ಹಗ್ಗವನ್ನು ನೆಲಕ್ಕಿಟ್ಟು ಬದಿಗೆ ಸರಿಯಬೇಕು. ಗಾಲಿ ಮೇಲೆ ಹಾಯ್ದರೆ ಹುರಿ ಬಿಚ್ಚುತ್ತದೆ, ಮತ್ತೆ ಮೊದಲಿನಿಂದ ಹಿಡಿಯಬೇಕು. “ಸಾಯಾಕ ಇದ ರೋಡ ಬೇಕ ನಿಮಗ?” ಎಂದು ಡ್ರೈವರುಗಳು ಬೈದು ಹೋಗುತ್ತಾರೆ. ಕೆಂಚವ್ವನ ತೋಳು ನೋಯುವುದರಿಂದ ರಾಟಿಗೆ ಜ್ಞಾನದೇವ ಕೂಡುತ್ತಾನೆ. ಈ ತುದಿಗೆ ಲಗಮಣ್ಣ. ಹಗ್ಗ ಹೊಸೆಯುವವರು ದಿನವಿಡೀ ಒಬ್ಬರ ಮುಖ ಒಬ್ಬರು ನೋಡುತ್ತಲೇ ಇರಬೇಕು.

ಒಂದು ಮಧ್ಯಾಹ್ನ ರೊಟ್ಟಿ ಬಿಚ್ಚಿ ಕೂತಾಗ ಜ್ಞಾನದೇವ ತಾನಾಗಿಯೇ ಆ ಮಾತು ತೆಗೆದ.

“ಅವತ್ತಿಂದ ಮನಸಿಗಿ ಹಚ್ಚಿಕೊಂಡ ಕುಂತೀಯಲ್ಲ, ಬಿಡೋ ಅಣ್ಣಾ. ಸಾವಕಾರ ಎದರಿಗಿ ನಿಂತಿದ್ದ. ಹೆದರಿಕಿ ಯಾರಿಗಿಲ್ಲ? ನಂದೂ ಕಾಲ ನಡಗತಿದ್ದು.” ಖಾರದ ಅರ್ಧ ಭಾಗವನ್ನು ಅವನ ರೊಟ್ಟಿಯ ಮೇಲಿಟ್ಟ. “ನಿನ್ನ ಮ್ಯಾಲ ನಂದೇನೂ ಇಲ್ಲ.”

ಲಗಮಣ್ಣ ರೊಟ್ಟಿ ಮುರಿದ.

ಅದು ಹೆದರಿಕೆಯಾಗಿರಲಿಲ್ಲ ಎಂದು ಅವನು ಎಂದೂ ಹೇಳಲಿಲ್ಲ.