ನಿಧಾನಣ್ಣನ ಪಾಳಿ

ಆಸ್ಪತ್ರೆಗೆ ಹೊಸದಾಗಿ ಸೇರಿದ ಭೌತವಿಜ್ಞಾನಿಗೆ ಒಪ್ಪಿಸಿದ್ದು ಒಂದೇ ಕೆಲಸ. ಸಿಟಿ ಸ್ಕ್ಯಾನಿಗೆ ಬಂದ ಪ್ರತಿಯೊಬ್ಬರ ಮೈಗೂ ಎಷ್ಟು ವಿಕಿರಣ ತಗುಲಿತು ಎಂದು ಗಮನಿಸಬೇಕು, ಆದಷ್ಟು ತಗ್ಗಿಸಬೇಕು. ಮೂರನೆಯ ವಾರ ಒಂದು ವಿಚಿತ್ರ ಅವಳ ಕಣ್ಣಿಗೆ ಬಿತ್ತು. ಯಂತ್ರ ಅದೇ, ಹೊಟ್ಟೆಯ ಸ್ಕ್ಯಾನೂ ಅದೇ. ಆದರೆ ಬೆಳಗಿನ ಪಾಳಿಯ ರೋಗಿಗಳಿಗೆ ಮಧ್ಯಾಹ್ನದವರಿಗಿಂತ ಸುಮಾರು ಕಾಲುಭಾಗ ಕಡಿಮೆ ವಿಕಿರಣ!

ವಿಭಾಗದ ದೊಡ್ಡ ಡಾಕ್ಟರು ಹುಬ್ಬೇರಿಸಿದರು. “ಯಂತ್ರ ಕೈಕೊಟ್ಟಿರ್ಬೇಕು. ಇಲ್ಲಾಂದ್ರೆ ನಿಧಾನಣ್ಣ ಏನೋ ಬದಲಾಯಿಸಿದ್ದಾನೆ. ಚಿತ್ರ ಕೆಡ್ತಿದ್ಯಾ ನೋಡಮ್ಮ.”

ನಿಧಾನಣ್ಣ ಬೆಳಗಿನ ಪಾಳಿಯ ಟೆಕ್ನಿಷಿಯನ್. ಸ್ಕ್ಯಾನ್ ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದವರು, ನಿವೃತ್ತಿಗೆ ಎರಡೇ ವರ್ಷ ಬಾಕಿ. ಉಳಿದವರು ಹತ್ತು ಜನರನ್ನು ಮುಗಿಸುವ ಹೊತ್ತಿಗೆ ಅವರದು ಎಂಟಾದರೆ ಹೆಚ್ಚು. ಅದಕ್ಕೇ ಆ ಅಡ್ಡಹೆಸರು.

ಅವಳು ಚಿತ್ರಗಳನ್ನು ತೆಗೆದು ನೋಡಿದಳು. ಒಂದೂ ಮಸುಕಾಗಿರಲಿಲ್ಲ. ಯಂತ್ರವನ್ನು ಪರೀಕ್ಷಿಸಿದಳು. ಗುಂಡುಕಲ್ಲಿನ ಹಾಗಿತ್ತು. ಕೊನೆಗೆ ಒಂದು ಬೆಳಿಗ್ಗೆ ಸ್ಕ್ಯಾನ್ ಕೋಣೆಯ ಗಾಜಿನ ಕಿಟಕಿಯ ಹಿಂದೆ ಹೋಗಿ ಕೂತಳು.

ಮೊದಲು ಬಂದದ್ದು ಮೂತ್ರಪಿಂಡದಲ್ಲಿ ಕಲ್ಲಿದ್ದ ಒಬ್ಬ ಅಜ್ಜಿ. ಮಲಗಿಸಿದ ಮೇಲೆ ಯಂತ್ರದ ಕೆಂಪು ಬೆಳಕಿನ ಗೆರೆ ಅಜ್ಜಿಯ ಪಕ್ಕೆಗೆ ಬಿತ್ತು. ನಿಧಾನಣ್ಣ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ನೋಡಿದರು. ಮೇಜನ್ನು ಎರಡು ಬೆರಳಷ್ಟು ಏರಿಸಿದರು. ಮತ್ತೆ ಬಗ್ಗಿದರು, ಕೂದಲೆಳೆಯಷ್ಟು ಇಳಿಸಿದರು. ಗೆರೆ ಮೈಯ ನಟ್ಟನಡುವೆ ನಿಂತಿತು.

“ಅಜ್ಜೀ, ಉಸಿರು ಬಿಗಿಹಿಡೀರಿ ಅಂದಾಗ ಹಿಡೀಬೇಕು. ಈಗೊಂದ್ಸಲ ಸುಮ್ನೆ ಮಾಡಿ ನೋಡೋಣ.”

“ಹಿಡೀತೀನಪ್ಪ. ಬಿಡಿ ಅನ್ನೋದನ್ನ ಮಾತ್ರ ಮರೀಬೇಡ. ನಿನ್ನ ಆಮೆ ನಡಿಗೆ ನೋಡಿದ್ರೆ ಭಯ ಆಗತ್ತೆ!”

ಇಬ್ಬರೂ ನಕ್ಕರು. ನಗುತ್ತಲೇ ಅಜ್ಜಿಯ ಬಿಗಿದ ಭುಜಗಳು ಸಡಿಲಾದವು. ಸ್ಕ್ಯಾನ್ ಒಂದೇ ಸಲಕ್ಕೆ ಮುಗಿಯಿತು.

“ಅಣ್ಣಾ, ಗೆರೆ ನಡುವಿಗೇ ಬರ್ಬೇಕು ಅಂತ ಯಾರು ಹೇಳ್ಕೊಟ್ರು?” ಎಂದು ಅವಳು ಕೇಳಿದಳು.

“ತರಬೇತೀಲಿ ಎಲ್ರಿಗೂ ಹೇಳ್ತಾರೆ ಮೇಡಂ, ಅವಸರದಲ್ಲಿ ಬಿಟ್ಟುಹೋಗತ್ತೆ. ನಾನು ಮೊದ್ಲು ಫೋಟೋ ಸ್ಟುಡಿಯೋಲಿದ್ದೆ. ಎದುರು ಕೂತವರು ನಡುವೆ ಬರ್ದೇ ಇದ್ರೆ ನನ್ನ ಕೈ ಗುಂಡಿ ಒತ್ತೋದೇ ಇಲ್ಲ. ಅದೊಂದು ಚಟ.”

ಬೆಳಗಿನ ಪಾಳಿಯ ರೋಗಿಗಳೆಲ್ಲ ಹೋದ ಮೇಲೆ ಅವಳು ಮನುಷ್ಯನ ಮೈಯ ಬದಲಿಗೆ ಪರೀಕ್ಷೆಗೆ ಬಳಸುವ ನೀರು ತುಂಬಿದ ಉರುಳೆಯನ್ನು ಮೇಜಿನ ಮೇಲಿಟ್ಟಳು. ನಡುಮಧ್ಯಕ್ಕೆ ತಂದು ಒಮ್ಮೆ ಸ್ಕ್ಯಾನ್ ಮಾಡಿದಳು. ಮೂರು ಬೆರಳು ಕೆಳಗಿಳಿಸಿ ಇನ್ನೊಮ್ಮೆ. ಪರದೆಯ ಮೇಲಿನ ವಿಕಿರಣದ ಅಂಕಿ ಗಕ್ಕನೆ ಮೇಲೇರಿತು.

ಯಂತ್ರ ಮೊದಲು ಕೆಳಗಿನಿಂದ ಒಂದು ತೆಳು ಚಿತ್ರ ತೆಗೆದು, ಮೈ ಎಷ್ಟು ದಪ್ಪವೆಂದು ಅಂದಾಜು ಮಾಡುತ್ತದೆ. ಮೇಜು ತಗ್ಗಿದ್ದರೆ ಮೈ ವಿಕಿರಣದ ಮೂಲಕ್ಕೆ ಹತ್ತಿರವಾಗಿ ನೆರಳು ಹಿಗ್ಗುತ್ತದೆ. ಸಣಕಲರನ್ನೂ ದಪ್ಪನೆಯವರೆಂದುಕೊಂಡು ಯಂತ್ರ ಹೆಚ್ಚು ವಿಕಿರಣ ಸುರಿಯುತ್ತದೆ. ಇದನ್ನು ಅವಳು ಓದಿದ್ದಳು. ಈಗ ಇದೇ ಯಂತ್ರದಲ್ಲಿ ಕಣ್ಣಾರೆ ಕಂಡಳು. ಹದಿನಾಲ್ಕು ವರ್ಷ ಈ ಮನುಷ್ಯ ದಿನವೂ ಹೀಗೆ ಮೊಣಕಾಲೂರಿದ್ದರು!

“ಕಡಿಮೆಯೆಂದ್ರೂ ಮೂವತ್ತು ಸಾವಿರ ಜನಕ್ಕೆ ಬೇಡದ ವಿಕಿರಣ ತಪ್ಪಿಸಿದ್ದೀರಣ್ಣ,” ಎಂದು ಅವಳು ಲೆಕ್ಕ ಹಾಕಿ ಹೇಳಿದಳು.

ನಿಧಾನಣ್ಣ ಮೇಜಿನ ಮೇಲಿನ ಹಾಸನ್ನು ಸರಿಮಾಡಿದರು. “ಅಷ್ಟೊಂದು ಜನಾನಾ? ನಾನು ಒಬ್ಬೊಬ್ರನ್ನೇ ನೋಡ್ತಿದ್ದೆ, ಮೇಡಂ.”

ಅವಳ ಲೆಕ್ಕ ನೋಡಿದ ದೊಡ್ಡ ಡಾಕ್ಟರು ಮರುದಿನ ಮೂರೂ ಪಾಳಿಯವರನ್ನು ಕರೆಸಿದರು. ಕೋಟು ಬಿಚ್ಚಿಟ್ಟು ತಾವೇ ಮೇಜಿನ ಮೇಲೆ ಮಲಗಿದರು. “ನನ್ನನ್ನೇ ಇಟ್ಕೊಂಡು ತೋರ್ಸಿ ಅಣ್ಣಾ. ಗೆರೆ ಮಾತ್ರ ಸಾಕು, ಸ್ಕ್ಯಾನ್ ಗೀನ್ ಮಾಡ್ಬಿಟ್ಟೀರ!” ಎಂದರು. ಅವರು ನಿಧಾನಣ್ಣನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಎರಡು ತಿಂಗಳಾದ ಮೇಲೆ ಅವಳು ಮಧ್ಯಾಹ್ನದ ಪಾಳಿಯ ಪಟ್ಟಿ ತೆರೆದಳು. ಅಂಕಿಗಳು ಬೆಳಗಿನವಕ್ಕೆ ಸರಿಸಾಟಿಯಾಗಿ ಇಳಿದಿದ್ದವು. ಡಾಕ್ಟರನ್ನು ಕರೆದು ತೋರಿಸಿದಳು. ಇಬ್ಬರೂ ಪಟ್ಟಿಯನ್ನು ಕೊನೆಯವರೆಗೂ ಓದಿದರು. ಹೊರಗೆ, ಆಗಷ್ಟೇ ಸ್ಕ್ಯಾನ್ ಮುಗಿಸಿದ ಹೆಂಗಸೊಬ್ಬಳು ಮಗಳ ಕೈ ಹಿಡಿದು, ಏನೂ ತಿಳಿಯದೆ, ಬಿಸಿಲಿಗೆ ನಡೆದು ಹೋಗುತ್ತಿದ್ದಳು.