ಓದೋಳು

ಕುಸುಮ ಮಗಳ ಎಡಗಡೆಯ ಜಡೆ ಹೆಣೆದು ರಿಬ್ಬನ್ ಕಟ್ಟಿ, ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿಕೊಂಡಿದ್ದಳಷ್ಟೇ, ಫೋನು ಹೊಡೆದುಕೊಂಡಿತು. ಕೈತುಂಬ ಕೊಬ್ಬರಿ ಎಣ್ಣೆ.

"ಸ್ಪೀಕರ್ ಹಾಕು ಮಗ," ಎಂದಳು. ಐದನೇ ಕ್ಲಾಸಿನ ದೀಪಿಕ ಕೂತಲ್ಲಿಂದಲೇ ಒತ್ತಿದಳು.

"ಕುಸುಮಕ್ಕ, ಆ ವೈದ್ಯನಾಥಪುರದ ಹುಡ್ಗಿ ವಾಪಸ್ ಬಂದವ್ಳೆ ಕಣಕ್ಕ." ಮದ್ದೂರಿನ ವರದಿಗಾರ ರವಿಚಂದ್ರನ ದನಿ. "ಮಳವಳ್ಳಿಲಿ ಸೋದರತ್ತೆ ಮನೇಲಿದ್ಲಂತೆ. ಪ್ರಿಪರೇಟರಿ ಪರೀಕ್ಸೇಲಿ ಎಲ್ಡು ಸಬ್ಜೆಕ್ಟು ಫೇಲಂತೆ. ಅಪ್ಪ ಬೈತಾನೆ ಅಂತ ಫೋನ್ ಆಫ್ ಮಾಡ್ಕಂಡು ಬಸ್ ಹತ್ತವ್ಳೆ."

"ಸದ್ಯ! ಹಂಗಾದ್ರೆ ಆ ಹುಡುಗ?"

"ಅವ್ನು ಮನೆ ಬುಟ್ಟು ಅಲ್ಲಾಡೇ ಇಲ್ವಂತೆ. ಅದ್ಕೆ ಫೋನ್ ಮಾಡ್ದೆ. ಆ ಹುಡ್ಗಿ ಅಜ್ಜಿ ಬಸ್‌ಸ್ಟ್ಯಾಂಡಲ್ಲಿ ನನ್ ಕೊಳ್‌ಪಟ್ಟಿ ಹಿಡ್ಕಬುಟ್ಲು. 'ನಾನು ಓದೋಳು ಅಂದ್ರೆ ನೀನು ಓದೋಳು ಅಂತ ಬರ್ದಿದೀಯಲ್ಲೋ' ಅಂತಾಳೆ. ನಂಗೊಂದೂ ತಿಳೀನಿಲ್ಲ. ನೀವೇ ಇನ್ನೊಂದ್ಸಲ ವಾಯ್ಸ್ ಕೇಳಿ."

ಬಲಗಡೆಯ ಕೂದಲು ಕೈಯಿಂದ ಜಾರಿ ಬಿಚ್ಚಿಕೊಂಡಿತು.

ಮಂಡ್ಯದಿಂದ ಹೊರಡುವ ನಾಲ್ಕು ಪುಟದ ಪತ್ರಿಕೆಯೊಂದಕ್ಕೆ ಕುಸುಮ ಮದ್ದೂರಿನ ತನ್ನ ಮನೆಯಲ್ಲೇ ಕೂತು ಸುದ್ದಿ ಬರೆದುಕೊಡುತ್ತಿದ್ದಳು. ತಾಲ್ಲೂಕಿನ ವರದಿಗಾರರು ಹಳ್ಳಿಯವರ ಮಾತನ್ನು ಫೋನಿನಲ್ಲಿ ಹಿಡಿದು ಕಳಿಸುವುದು, ಅವಳು ಅಡುಗೆಯ ನಡುನಡುವೆ ಅದನ್ನು ಕೇಳಿ ಶುದ್ಧ ಕನ್ನಡಕ್ಕೆ ಇಳಿಸುವುದು. ಅವಳೂ ಹಳ್ಳಿಯವಳೇ, ಹೊಳಲಿನವಳು. ಕಾಲೇಜಿಗೆ ಸೇರಿದ ಮೊದಲ ದಿನ ಎದ್ದು ನಿಂತು "ನಮ್ದು ಒಳಲು ಸಾರ್" ಎಂದಾಗ ಇಡೀ ಕ್ಲಾಸು ನಕ್ಕಿತ್ತು. ಅಂದಿನಿಂದ ಅವಳ ಕಿವಿ ಬಿದ್ದುಹೋದ ಹಕಾರಗಳನ್ನು ಹೆಕ್ಕುವ ಕಿವಿಯಾಯಿತು. ಅಳ್ಳಿ ಎಂದರೆ ಹಳ್ಳಿ, ಆಲು ಎಂದರೆ ಹಾಲು, ಒಲ ಎಂದರೆ ಹೊಲ. "ಮೇಡಂ ಕಾಪೀಲಿ ಒಂದು 'ಹ' ತಪ್ಪಿರಲ್ಲ," ಎಂದು ಸಂಪಾದಕ ಶಶಿಧರ್ ಬೇರೆಯವರ ಮುಂದೆ ಹೇಳಿದ್ದನ್ನು ಅವಳು ಒಳಗೊಳಗೇ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಂಡು ಆ ವಾಯ್ಸ್ ಹಾಕಿದಳು. ಸ್ಕೂಟರಿನ ಸದ್ದು, ನಾಯಿ ಬೊಗಳುವುದು, ಅವುಗಳ ನಡುವೆ ಹುಡುಗಿಯ ಅಜ್ಜಿ ಮರಿತಾಯಮ್ಮನ ಒಡಕು ದನಿ: "ಪಕ್ಕದ್ ಬೀದಿ ಉಡ್ಗನ್ ಜೊತೇಲಿ ಓದೋಳು. ಇನ್ನೂ ಬಂದಿಲ್ಲ ಕಣಪ್ಪ."

ಓದೋಳು. ಆಮೇಲೆ ಒಂದು ಉಸಿರಿನಷ್ಟು ಬಿಡುವು. ಓದುತ್ತಿದ್ದವಳು, ಒಟ್ಟಿಗೆ ಕಾಲೇಜಿಗೆ ಹೋಗಿಬರುತ್ತಿದ್ದವಳು ಎಂದು ಮುದುಕಿ ಹೇಳಿದ್ದು ಈಗ ನೀರಿನಷ್ಟು ತಿಳಿಯಾಗಿ ಕೇಳುತ್ತಿತ್ತು. ಬುಧವಾರದ ಪತ್ರಿಕೆಗೆ ಕುಸುಮ ಬರೆದದ್ದು ಬೇರೆ: 'ಪಕ್ಕದ ಬೀದಿಯ ಹುಡುಗನ ಜೊತೆ ಹೋದವಳು ಇನ್ನೂ ಬಂದಿಲ್ಲ: ಅಜ್ಜಿಯ ಕಣ್ಣೀರು'. ಒಂದು ಹಕಾರ ಸೇರಿಸಿದ್ದಳು, ಅಜ್ಜಿಯ ಒಂದು ಉಸಿರನ್ನು ತೆಗೆದಿದ್ದಳು. ಹುಡುಗಿಯ ಹೆಸರು ಹಾಕುವುದು ಬೇಡವೆಂದು ತಾನೇ ಹಟ ಹಿಡಿದದ್ದೂ ನೆನಪಾಯಿತು. ಆದರೆ ಊರಿತ್ತು, ತಂದೆ ಮುದ್ದಯ್ಯನ ಹೆಸರಿತ್ತು. ಮುಖಕ್ಕೆ ಸೆರಗು ಹೊದಿಸಿ ಮನೆಯ ದಾರಿ ತೋರಿಸಿದ ಹಾಗೆ.

ಶಶಿಧರ್‌ಗೆ ಫೋನು ಮಾಡಿ, ಆದ ತಪ್ಪು ಹೇಳಿ, ತಿದ್ದುಪಡಿ ಹಾಕೋಣ ಎಂದಳು.

"ಯಾರಾದ್ರೂ ನೋಟಿಸ್ ಕಳ್ಸಿದಾರಾ? ಇಲ್ವಲ್ಲ, ಬಿಡಿ ಮೇಡಂ. ತಿದ್ದುಪಡಿ ಅಂತ ಹಾಕಿದ್ರೆ ಅವತ್ತು ಓದದೇ ಇದ್ದೋರೂ ಓದ್ತಾರೆ. ಆ ಹುಡುಗಿಗೇ ತೊಂದ್ರೆ."

ಆ ಮಾತಿನಲ್ಲಿ ನಿಜ ಇತ್ತು. ಕುಸುಮ ಫೋನು ಕೆಳಗಿಟ್ಟು ಮತ್ತೆ ಬಲಗಡೆಯ ಕೂದಲು ಹಿಡಿದಳು.

ದೀಪಿಕ ಏನೋ ಕೇಳಲು ಬಾಯಿ ತೆರೆದಳು. ಅಮ್ಮನ ಮುಖ ನೋಡಿ ಮತ್ತೆ ತಲೆ ಒಡ್ಡಿ ಕೂತಳು. ಎರಡನೇ ಜಡೆ ಸೊಟ್ಟಗಾಯಿತು.

ಶನಿವಾರ, ಅರ್ಧ ದಿನದ ಸ್ಕೂಲು. ಮಧ್ಯಾಹ್ನ ಮಗಳನ್ನು ಗೇಟಿನಿಂದಲೇ ಕರೆದುಕೊಂಡು ಕುಸುಮ ವೈದ್ಯನಾಥಪುರದ ಆಟೋ ಹತ್ತಿದಳು.

ಮುದ್ದಯ್ಯನ ಮನೆಯ ಜಗಲಿಯಲ್ಲಿ ಮರಿತಾಯಮ್ಮ ಮೊರ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

"ಯಾರವ್ವ ನೀನು?"

"ಅಜ್ಜಿ, ನಾನು ಪೇಪರ್‌ನೋಳು. ಅದನ್ನ ಬರೆದೋಳು ನಾನೇ."

ಅಜ್ಜಿಯ ಕೈ ನಿಂತಿತು. "ಓ, ನೀನೇಯಾ ಆ ಮಾರಾಣಿ! ಬಾ, ಕೂತ್ಕೊ. ಇನ್ನೂ ಏನಾರ ಬರ್ಯದು ಬಾಕಿ ಐತಾ? ನಮ್ಮನೆ ಎಮ್ಮೆ ಯಾರ್ ಜೊತೇಲಿ ಓಯ್ತು ಅಂತ ಬರ್ಕೊ."

ಒಳಗಿನಿಂದ ಮುದ್ದಯ್ಯ ಬಂದು ಬಾಗಿಲಲ್ಲಿ ನಿಂತ. ಕುಸುಮ ಅಣ್ಣ ಎಂದು ಕರೆದು, ಸುತ್ತಿ ಬಳಸದೆ ಎಲ್ಲ ಹೇಳಿದಳು. ಫೋನಿನಲ್ಲಿದ್ದ ಮಾತನ್ನೂ ಕೇಳಿಸಿದಳು. ತನ್ನ ದನಿಯೇ ಹೊರಗೆ ಬಂದಾಗ ಅಜ್ಜಿ ಮೊರ ಬಡಿದು, "ಕೇಳುಸ್ಕೊ ಕಣ್ಲಾ ಮುದ್ದ! ಓದೋಳು ಅಂದಿದ್ದೀನಾ, ಓದೋಳು ಅಂದಿದ್ದೀನಾ?" ಎಂದಳು.

"ಯಾವ್ದಾದ್ರೇನವ್ವ ಈಗ," ಮುದ್ದಯ್ಯನ ಮುಖ ಬಿಗಿದೇ ಇತ್ತು. "ಓಟ್ಲಲ್ಲಿ ಟೀ ಕುಡಿಯಕ್ಕೆ ಆಯ್ತಿಲ್ಲ. ಇವ್ಳು ಕಾಲೇಜ್ಗೆ ಓಗದು ಬ್ಯಾಡ ಅಂದಿದ್ದೀನಿ, ಅಷ್ಟೇಯ."

"ಓದ್ರೆ ತಾನೇ ಓದದು!" ಅಜ್ಜಿ ಸಿಡಿದಳು. "ಇಪ್ಪತ್ತು ದಿನಕ್ಕೆ ಪರೀಕ್ಸೆ ಐತೆ."

ಕುಸುಮ ಕೈ ಮುಗಿದಳು. "ತಪ್ಪು ನಂದಣ್ಣ. ನಿಮ್ಮ ಮಗಳದ್ದಲ್ಲ. ಅವಳ ಪರೀಕ್ಷೆ ತಪ್ಪಿಸಬೇಡಿ."

ಮುದ್ದಯ್ಯ ಬಾಗಿಲು ಬಿಟ್ಟು ಜಗಲಿಗೆ ಬಂದ. "ಹಂಗಾರೆ ಪೇಪರ್ನಲ್ಲಿ ಹಾಕಮ್ಮ. ಮುದ್ದಯ್ಯನ ಮಗ್ಳು ಯಾರ್ ಜೊತೇಲೂ ಓಗಿರ್ನಿಲ್ಲ ಅಂತ, ದಪ್ಪ ಅಕ್ಸರದಲ್ಲಿ. ಹಾಕುದ್ರೆ ಕಳುಸ್ತೀನಿ."

"ಬೇಡ ಆಂಟಿ."

ಬಾಗಿಲ ಸಂದಿನಿಂದ ಮುದ್ದಯ್ಯನ ಮಗಳು ಸೌಮ್ಯ ಹೊರಗೆ ಬಂದಳು. ಕಣ್ಣು ಊದಿತ್ತು, ದನಿ ಗಟ್ಟಿಯಾಗಿತ್ತು. "ಇನ್ನೊಂದ್ಸಲ ಅಪ್ಪನ ಹೆಸ್ರು, ಊರ ಹೆಸ್ರು ಹಾಕ್ಬೇಡಿ. ಓಗಿರ್ನಿಲ್ಲ ಅಂತ ಹಾಕುದ್ರೂ ಜನ ಓಗಿದ್ಲು ಅಂತಲೇ ಓದ್ಕತಾರೆ."

ಬೆಳಿಗ್ಗೆ ಸಂಪಾದಕ ಹೇಳಿದ್ದೂ ಇದೇ. ಆದರೆ ಅವನು ಪತ್ರಿಕೆಯನ್ನು ಉಳಿಸಿಕೊಳ್ಳಲು ಹೇಳಿದ್ದ. ಈ ಹುಡುಗಿ ತನ್ನನ್ನು ಉಳಿಸಿಕೊಳ್ಳಲು ಕೇಳುತ್ತಿದ್ದಳು. ಕುಸುಮ ಮಗಳ ಬ್ಯಾಗಿನಿಂದ ರಫ್ ನೋಟ್‌ಬುಕ್ಕು ತೆಗೆದು ಬರೆದು, ಸೌಮ್ಯಳ ಕೈಗೇ ಕೊಟ್ಟಳು. 'ಬುಧವಾರದ ಸುದ್ದಿಯೊಂದರಲ್ಲಿ ಅಜ್ಜಿಯೊಬ್ಬರು ಓದುತ್ತಿದ್ದವಳು ಎಂದದ್ದನ್ನು ನಾವು ಹೋದವಳು ಎಂದು ತಪ್ಪಾಗಿ ಬರೆದೆವು. ಪಾಪದ ಆ ಹುಡುಗಿಯ ಮನೆಯವರ ಕ್ಷಮೆ ಕೋರುತ್ತೇವೆ.'

ಸೌಮ್ಯ ಎರಡು ಸಲ ಓದಿದಳು. ಪೆನ್ನು ಕೇಳಿ ಇಸಿದುಕೊಂಡು, 'ಪಾಪದ ಆ' ಹೊಡೆದು ಹಾಕಿ, 'ಹುಡುಗಿಯ' ಎಂಬುದರ ಮುಂದೆ 'ಮತ್ತು ಅವಳ' ಎಂದು ಸೇರಿಸಿದಳು.

"ಹೆಸ್ರೇ ಇಲ್ದಿದ್ರೆ ಯಾರ್ಗೆ ಗೊತ್ತಾದದು?" ಎಂದ ಮುದ್ದಯ್ಯ.

"ಆಡ್ಕಂಡೋರ್ಗೆ ಗೊತ್ತಾಯ್ತದೆ ಬುಡಪ್ಪ," ಎಂದಳು ಸೌಮ್ಯ.

"ನೋಡನ," ಎಂದು ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ನೋಡದೇನ್ಲಾ! ಸೋಮವಾರ ನಾನೇ ಕರ್ಕಂಡು ಓಯ್ತೀನಿ, ಯಾವನ್ ಕೇಳ್ತಾನೋ ಕೇಳ್ಲಿ." ಅಜ್ಜಿ ಕುಸುಮಳ ಕಡೆ ತಿರುಗಿ, ಎರಡು ಬೊಗಸೆ ಅವರೆಕಾಳನ್ನು ಕಾಗದದಲ್ಲಿ ಸುತ್ತಿ ಚಾಚಿದಳು. "ತಕ್ಕೊ. ಕೋಪ ಬ್ಯಾರೆ, ಕಾಳು ಬ್ಯಾರೆ."

ಕುಸುಮ ಎರಡೂ ಕೈಯೊಡ್ಡಿ ತೆಗೆದುಕೊಂಡಳು.

ಆಟೋ ಸಿಗಲಿಲ್ಲ. ಅಮ್ಮ ಮಗಳು ಮದ್ದೂರಿನ ಕಡೆ ನಡೆದುಕೊಂಡೇ ಹೊರಟರು. ದಾರಿಯಲ್ಲಿ ಕುಸುಮ ಲೆಕ್ಕ ಹಾಕಿದಳು: ಶಶಿಧರ್ ಆ ಎರಡು ಸಾಲು ಹಾಕದಿದ್ದರೆ ನಾಳೆಯ ಪುಟವನ್ನು ಅವನೇ ಬರೆದುಕೊಳ್ಳಲಿ. ಹಾಗೆಂದುಕೊಂಡ ಮೇಲೆ ಎದೆ ಸ್ವಲ್ಪ ಹಗುರವಾಯಿತು. ಏನಿದ್ದರೂ ಕಿವಿಯ ತಪ್ಪು ತಾನೇ. ಕೇಳುವಾಗ ಆದ ತಪ್ಪು. ಇನ್ನು ಮುಂದೆ ಎರಡೆರಡು ಸಲ ಕೇಳಿಸಿಕೊಂಡು ಬರೆದರಾಯಿತು.

ಪಕ್ಕದಲ್ಲಿ ನಡೆಯುತ್ತಿದ್ದ ದೀಪಿಕ ನಿಂತುಬಿಟ್ಟಳು.

"ಏನ್ ಮಗ, ಕಾಲು ನೋವಾ?"

ಇಲ್ಲವೆಂದು ತಲೆಯಾಡಿಸಿದಳು. ಬೆಳಿಗ್ಗೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದನ್ನು, ಅಮ್ಮನಿಗೆ ನೋವಾದೀತೆಂದು ಹೆದರಿಕೊಂಡೇ, ಹೊರಗೆ ಹಾಕಿದಳು.

"ಅಮ್ಮ, ಆ ಅಕ್ಕ ನಿಜವಾಗ್ಲೂ ಆ ಅಣ್ಣನ ಜೊತೆ ಹೋಗಿದ್ದಿದ್ರೆ, ನೀನು ಪೇಪರಲ್ಲಿ ಬರೆದಿದ್ದು ಸರಿ ಆಗ್ತಿತ್ತಾ?"